ಗುರುಬಾಯಿಯ ಎಡಗೈ ಹೀರೋಗಳು

ಗುರುಬಾಯಿಗೆ ಪಿಚ್ಚರ್ ಹುಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅಫಜಲಪುರದ ಅರ್ಧ ಮಂದಿ ಆಕೆಯನ್ನು ಪಿಚ್ಚರ್ ಹುಚ್ಚಿ ಎಂದೇ ಕರೆಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಟೂರಿಂಗ್ ಟಾಕೀಸಿನ ಡೇರೆಗೆ ಹೋಗಿ ಬರುವವಳನ್ನು ಹುಚ್ಚಿ ಅನ್ನುವುದು ಯಾವ ನ್ಯಾಯ? ನೋಡಿ ಬಂದ ಮೇಲೆ ಹದಿನೈದು ದಿನ ಅದರ ಬಗ್ಗೆಯೇ ಮಾತಾಡುತ್ತಿದ್ದಳು, ಅದು ಬೇರೆ.

ಮಾತಾಡಲು ಆಕೆಗೆ ಜಾಗವೂ ಇತ್ತು, ಕೇಳುವ ಮಂದಿಯೂ ಇದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೇಳೆ ಗಿರಣಿಯ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಕೈ ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ, ಕಣ್ಣು ಬೇಳೆಯೊಳಗಿನ ಕಲ್ಲಿನ ಹರಳು ಹುಡುಕುತ್ತಿರುತ್ತದೆ, ಬಾಯಿಗೆ ಮಾತ್ರ ಕೆಲಸವಿಲ್ಲ. ಆ ಕೆಲಸವನ್ನು ಎಲ್ಲರ ಪರವಾಗಿ ಗುರುಬಾಯಿಯೇ ವಹಿಸಿಕೊಂಡಿದ್ದಳು.

“ಮನ್ನಿನ ಪಿಚ್ಚರ್ ಹ್ಯಾಂಗಿತ್ತ ಬೇ?” ಎಂದು ಯಾರಾದರೂ ಕೇಳಿದರೆ ಸಾಕು.

“ಹೀರೋ ಛಲೋ ಇದ್ದಾನ. ಹೀರೋಯಿನ್ ಅಳೂದೂ ಛಲೋ. ಆದ್ರ ಆಕಿ ಅವ್ವ ಸಾಯಾಕ ಭಾಳ ಹೊತ್ತು ತಗೊಂಡ್ಳು. ಅಷ್ಟರಾಗ ನಾ ಎರಡು ಸೇರು ಬ್ಯಾಳಿ ಹಸನ ಮಾಡ್ತಿದ್ದೆ. ಸಾಯೂ ಹೊತ್ತಿನಾಗ ಯಾರರೆ ಅಷ್ಟುದ್ದ ಹಾಡ್ತಾರೇನು? ಒಟ್ಟು ಮೂರು ಹರಳು.”

ಹರಳು ಎಂಬುದು ಆಕೆಯ ಅಳತೆ. ಒಂದೇ ಹರಳಿನ ಪಿಚ್ಚರ್ ಆದರೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಬಹುದು. ಐದು ಹರಳಿನದಾದರೆ ಮನೆಯಲ್ಲಿ ಮಲಗುವುದೇ ವಾಸಿ. ಒಂದೂ ಹರಳು ಸಿಗದ ಪಿಚ್ಚರ್ ಇನ್ನೂ ಹುಟ್ಟಿರಲಿಲ್ಲ. ಓದು ಬರಹ ಬಾರದ ಆಕೆಗೆ ಪಿಚ್ಚರಿನ ಹೆಸರಿನ ಗೊಡವೆಯೂ ಇರಲಿಲ್ಲ. ಕೆಂಪು ಮೋಟಾರಿನದು, ಇಬ್ಬರು ಹೆಂಡಿರದು, ಆನೆಯದು ಎಂದು ತಾನೇ ಹೆಸರಿಡುತ್ತಿದ್ದಳು. ಹೋಗುವುದೋ ಬಿಡುವುದೋ ಎಂಬುದನ್ನು ಗಿರಣಿಯ ಹೆಂಗಸರು ಆಕೆಯ ಮಾತು ಕೇಳಿಯೇ ನಿಶ್ಚಯಿಸುತ್ತಿದ್ದರು. ಡೇರೆಯ ಮಾಲೀಕ ಜಹೀರುದ್ದೀನನಿಗೂ ಇದು ಗೊತ್ತಿತ್ತು. ಆಕೆ ಬಂದ ದಿನ ಬಾಗಿಲಲ್ಲೇ ನಿಂತು, “ಗುರುಬಾಯಿ, ಈ ಸಲ ಜರಾ ಕಣ್ಣು ಮುಚ್ಚಿ ಹರಳು ಆರಿಸ್ರಿ” ಎಂದು ನಗುತ್ತಿದ್ದ.

ಇನ್ನು ಆ ಡೇರೆಯೊಳಗೆ ಕೂರುವ ಪದ್ಧತಿಯನ್ನು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಈಗಿನವರು ನಂಬುವುದಿಲ್ಲ, ಆದರೆ ಎಂಬತ್ತರ ಸುಮಾರಿಗೂ ಅದು ಹಾಗೆಯೇ ಇತ್ತು. ಡೇರೆಯ ನಟ್ಟನಡುವೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಪಿಚ್ಚರ್ ಬಿಡುವ ಮಶೀನು ಇರುವ ಕಡೆ ಗಂಡಸರು. ಬಟ್ಟೆಯ ಆಚೆ ಬದಿಗೆ, ಅಂದರೆ ಹಿಂಭಾಗಕ್ಕೆ, ಹೆಂಗಸರು. ಜಹೀರುದ್ದೀನನ ಅಪ್ಪ ನಿಜಾಮನ ಕಾಲದಲ್ಲಿ ಹೂಡಿದ ಏರ್ಪಾಡು ಅದು. ಪರ್ದಾದ ಹೆಂಗಸರು ಗಂಡಸರ ಕಣ್ಣಿಗೆ ಬೀಳಬಾರದು, ಪಿಚ್ಚರೂ ತಪ್ಪಬಾರದು. ಒಂದೇ ಬಟ್ಟೆ ಎರಡೂ ಕೆಲಸ ಮಾಡುತ್ತಿತ್ತು. ಆಮೇಲೆ ಪರ್ದಾ ಇಲ್ಲದವರೂ ಅಲ್ಲೇ ಕೂರತೊಡಗಿದರು. ಟಿಕೀಟು ಕಡಿಮೆ, ಬೀಡಿಯ ಹೊಗೆ ಇಲ್ಲ, ಕೂಸಿಗೆ ಹಾಲು ಕುಡಿಸಿದರೆ ನೋಡುವವರಿಲ್ಲ, ಇನ್ನೇನು ಬೇಕು? ಬೆಳಕು ಬಟ್ಟೆಯನ್ನು ತೂರಿಕೊಂಡು ಆಚೆಗೂ ಬರುತ್ತಿದ್ದರಿಂದ ಪಿಚ್ಚರ್ ಸ್ವಚ್ಛವಾಗಿಯೇ ಕಾಣುತ್ತಿತ್ತು. ಒಂದೇ ವ್ಯತ್ಯಾಸವೆಂದರೆ ಕನ್ನಡಿಯಲ್ಲಿ ಕಂಡಂತೆ ಎಡವೆಲ್ಲ ಬಲಕ್ಕೆ, ಬಲವೆಲ್ಲ ಎಡಕ್ಕೆ ಬರುತ್ತಿತ್ತು.

ನಿಮಗೆ ಇದು ಈಗ ತಿಳಿಯಿತು, ಯಾಕೆಂದರೆ ನಾನು ಹೇಳಿಬಿಟ್ಟೆ. ಗುರುಬಾಯಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾರಭ್ಯ ಆ ಕಡೆಯಲ್ಲೇ ಕುಳಿತವಳಿಗೆ ಅದೇ ಮುಂಭಾಗ. ಅಕ್ಷರ ಬಲ್ಲವರಿಗಾದರೆ ಪಿಚ್ಚರಿನ ಹೆಸರು ಬಂದಾಗಲೇ ಅನುಮಾನ ಬರುತ್ತಿತ್ತು. ಈಕೆಗೆ ಅಕ್ಷರ ಯಾವ ಕಡೆ ತಿರುಗಿದರೂ ಅಷ್ಟೇ. ಪಿಚ್ಚರಿನಲ್ಲಿ ಹೆಂಗಸರ ಸೆರಗು ಬಲ ಹೆಗಲ ಮೇಲೆ ಕಾಣುತ್ತಿತ್ತು, ತಮ್ಮ ಮನೆತನದವರು ಹೊದೆಯುವಂತೆಯೇ. ಹಾಗಾಗಿ ಹೀರೋಯಿನ್‌ಗಳೆಲ್ಲ ತಮ್ಮ ಕಡೆಯವರೇ ಎಂದು ಗಿರಣಿಯಲ್ಲಿ ಆಕೆ ಎಂದೋ ತೀರ್ಪು ಕೊಟ್ಟಾಗಿತ್ತು. ಬಸ್ ಸ್ಟ್ಯಾಂಡಿನ ಪೋಸ್ಟರಿನಲ್ಲಿ ಸೆರಗು ಎಡಕ್ಕಿದೆಯಲ್ಲ ಎಂದು ಯಾರೋ ಅಂದರೆ, “ಅದನ್ನ ಬಿಡಿಸಿದಾಂವಗ ಸೀರಿ ಉಡೂದು ಗೊತ್ತಿಲ್ಲ, ಏನ್ ಮಾಡೂದದ?” ಎಂದು ಬಾಯಿ ಮುಚ್ಚಿಸಿದ್ದಳು.

ಇಷ್ಟೇ ಆಗಿದ್ದರೆ ನಗೆಮಾತಾಗಿ ಮುಗಿಯುತ್ತಿತ್ತು. ಆದರೆ ಗುರುಬಾಯಿಯ ಮಗಳು ಸುಮಿತ್ರಾ ಎಡಗೈಯವಳಾಗಿದ್ದಳು.

ಕೂಸು ಮೊದಲ ಸಲ ಬೆಲ್ಲಕ್ಕೆ ಚಾಚಿದ್ದೇ ಎಡಗೈ. ಅಂದಿನಿಂದ ಗುರುಬಾಯಿಯ ಅತ್ತೆ ಸುಭದ್ರಾಬಾಯಿ ಆ ಕೈಯ ಮೇಲೆ ಪಟ್ಟನೆ ಹೊಡೆಯುವುದು, ಕೂಸು ಅಳುವುದು, ಮತ್ತೆ ಅದೇ ಕೈ ಚಾಚುವುದು. “ಹೊಲಸ ಕೈ ಬೇ ಅದು! ನಾಳೆ ಗಂಡನ ಮನ್ಯಾಗ ಆ ಕೈಲೆ ನೀಡಿದ್ರ ಉಣ್ಣಾವ್ರು ತಾಟು ಬಿಟ್ಟು ಎದ್ದು ಹೋಗ್ತಾರ” ಎಂದು ಮುದುಕಿ ಒದರುತ್ತಿದ್ದಳು. ಕೆಟ್ಟವಳೇನಲ್ಲ ಸುಭದ್ರಾಬಾಯಿ. ಮೊಮ್ಮಗಳೆಂದರೆ ಜೀವ. ಜೀವ ಇದ್ದುದರಿಂದಲೇ ಆ ಪರಿ ಹೆದರಿದ್ದಳು. ಗುರುಬಾಯಿಯ ಗಂಡ ಶಿವರಾಯ ಲಾರಿಯ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಮನೆಯಲ್ಲಿದ್ದ ಹತ್ತು ದಿನ ಅವ್ವನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ.

ಸುಮಿತ್ರಾಗೆ ಐದು ತುಂಬಿದ ವರ್ಷ ಗುರುಬಾಯಿ ಆಕೆಯನ್ನು ಮೊದಲ ಸಲ ಡೇರೆಗೆ ಕರೆದೊಯ್ದಳು. ಕೆಂಪು ಮೋಟಾರಿನ ಪಿಚ್ಚರ್ ಅದು. ಹೀರೋ ಊಟಕ್ಕೆ ಕುಳಿತಾಗ ಮಗು ಅವ್ವನ ಸೆರಗು ಜಗ್ಗಿತು.

“ಅವ್ವಾ, ಅಂವ ನನ್ನಂಗೇ ಉಣ್ಣಾಕತ್ತಾನ ನೋಡು!”

ಗುರುಬಾಯಿ ನೋಡಿದಳು. ಹೌದು, ಹೀರೋ ಎಡಗೈಯಿಂದ ತುತ್ತು ಕಲಸುತ್ತಿದ್ದ! ಇಷ್ಟು ವರ್ಷ ಹೀರೋನ ಮುಖ ನೋಡಿದ್ದಳೇ ಹೊರತು ಕೈ ನೋಡಿರಲಿಲ್ಲ. ಅವತ್ತು ಕಣ್ಣು ನೆಟ್ಟು ನೋಡಿದಳು. ಡಾಕ್ಟರು ಎಡಗೈಯಿಂದ ಸೂಜಿ ಚುಚ್ಚಿದ. ಪೊಲೀಸಿನವನು ಎಡಗೈಯಿಂದ ಸಲಾಮು ಹೊಡೆದ. ಜಡ್ಜ್ ಸಾಹೇಬ ಎಡಗೈಯಿಂದ ತೀರ್ಪು ಬರೆದ. ಖುಷಿಗೆ ಆಕೆಯ ಎದೆ ಒಡೆಯುವುದೊಂದು ಬಾಕಿ. ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಆ ಪುಟ್ಟ ಎಡಗೈಗೆ ಮುದ್ದು ಕೊಟ್ಟಳು.

ಮರುದಿನ ಮನೆಯಲ್ಲಿ, ಓಣಿಯಲ್ಲಿ, ಗಿರಣಿಯಲ್ಲಿ ಒಂದೇ ಸುದ್ದಿ: ದೊಡ್ಡ ಊರಿನ ದೊಡ್ಡ ಮಂದಿಯೆಲ್ಲ ಎಡಗೈಯವರು. ಗಂಡಸರು ಅದನ್ನು ಹೆಂಗಸರ ಹರಟೆ ಎಂದು ಕಿವಿಗೇ ಹಾಕಿಕೊಳ್ಳಲಿಲ್ಲ. ಸುಭದ್ರಾಬಾಯಿ ಸೊಸೆಯ ಮಾತು ನಂಬಲಿಲ್ಲ. ಪಿಚ್ಚರ್ ಎಂದೂ ನೋಡದ ಮುದುಕಿ ಓಣಿಯ ಹತ್ತು ಹೆಂಗಸರನ್ನು ಕರೆದು ಕೇಳಿದಳು. ಹತ್ತೂ ಮಂದಿ ಬಟ್ಟೆಯ ಹಿಂದೆ ಕುಳಿತವರೇ. ಹತ್ತೂ ಮಂದಿ “ಖರೆ ಅದ ಆಯಿ, ನಾವೂ ನೋಡೇವಿ” ಎಂದರು. ಇನ್ನೇನು ಸಾಕ್ಷಿ ಬೇಕು? ಮುದುಕಿ ಹೊಡೆಯುವುದನ್ನು ಬಿಟ್ಟಳು. ಅಷ್ಟೇ ಅಲ್ಲ, ಮುಂದೆ ಸಾಲೆಗೆ ಸೇರಿದ ಸುಮಿತ್ರಾಳ ಎಡಗೈಯ ಬಳಪವನ್ನು ದೌಲತರಾಯ ಮಾಸ್ತರ ಕಸಿದುಕೊಂಡಾಗ ತಾನೇ ಕೋಲೂರಿಕೊಂಡು ಹೋಗಿ, “ಕೋರ್ಟಿನ ಜಡ್ಜೇ ಎಡಗೈಲೆ ಬರೀತಾನಂತ. ನೀ ಏನ್ ಜಡ್ಜಿಗಿಂತ ದೊಡ್ಡಾಂವೇನೋ ಮಾಸ್ತರ?” ಎಂದು ಕೇಳಿ ಬಂದಳು. ಮಾಸ್ತರ ಯಾವ ಜಡ್ಜನನ್ನೂ ನೋಡಿದವನಲ್ಲ, ಪಿಚ್ಚರಿಗೂ ಹೋದವನಲ್ಲ, ಬಳಪ ತಿರುಗಿ ಕೊಟ್ಟ. ಎರಡು ವರ್ಷ ಆ ಹುಡುಗಿ ಎಡಗೈಯಿಂದ ಬರೆದಳು, ಎಡಗೈಯಿಂದ ಉಂಡಳು, ಯಾರ ಭಯವೂ ಇಲ್ಲದೆ ಬೆಳೆದಳು.

ಅದನ್ನೆಲ್ಲ ಹಾಳು ಮಾಡಿದ್ದು ಗುರುಬಾಯಿಯ ನಾಲಿಗೆಯೇ.

ಆ ವರ್ಷ ಬೇಸಿಗೆಯ ಮೊದಲಿಗೆ ಒಬ್ಬ ಶರಣೆಯ ಪಿಚ್ಚರ್ ಬಂತು. ಭಕ್ತಿ ಪಿಚ್ಚರ್ ಎಂದು ಊರಿಗೆ ಊರೇ ಕಾಲು ತೊಳೆದುಕೊಂಡು ಹೋಯಿತು. ಮರುದಿನ ಗಿರಣಿಯ ಹೆಂಗಸರು ಒಂದು ಹರಳಿನ ಮಾತು ಕೇಳುವ ಆಸೆಯಲ್ಲಿ ಮೊರ ಹಿಡಿದು ಕುಳಿತರೆ, ಗುರುಬಾಯಿ ಸಿಟ್ಟಿನಲ್ಲಿ ಧಗಧಗ ಉರಿಯುತ್ತಿದ್ದಳು.

“ಹತ್ತು ಹರಳು! ಹತ್ತಲ್ಲ, ಚೀಲ ತುಂಬ ಹರಳು! ಹಾಡು ಛಲೋ, ಸೀರಿ ಛಲೋ, ಆ ಶರಣಿ ಮಾರಿ ನೋಡಿದ್ರ ಕೈ ಮುಗೀಬೇಕು ಅನಸ್ತದ, ಎಲ್ಲಾ ಖರೆ. ಆದ್ರ ಲಿಂಗಪೂಜಿ ಮಾಡಾಕ ಕುಂತಾಗ ಲಿಂಗ ಯಾವ ಕೈದಾಗ ಇಟ್ಕೊಂಡ್ಳು? ಬಲಗೈದಾಗ! ಉಣ್ಣೂದು ಯಾವ ಕೈಲಾದ್ರೂ ಉಣ್ಣಲಿ, ನಾ ಬ್ಯಾಡ ಅಂದೇನೇನು? ಲಿಂಗ ಎಡಗೈದಾಗೇ ಇರಬೇಕು. ಕೂಸಿಗೂ ಗೊತ್ತದ ಅದು. ಇಷ್ಟೂ ತಿಳೀದವ್ರು ಶರಣರ ಪಿಚ್ಚರ್ ಯಾಕ ತೆಗೀಬೇಕು?”

ತೂಕದ ಕಟ್ಟೆಯ ಮೇಲೆ ಕುಳಿತಿದ್ದ ಗಿರಣಿಯ ಗುಮಾಸ್ತ ಚಂದ್ರಾಮಪ್ಪ ತಲೆಯೆತ್ತಿದ. ಆತನೂ ಕೊರಳಲ್ಲಿ ಲಿಂಗ ಕಟ್ಟಿದವನು, ಆ ಪಿಚ್ಚರ್ ನೋಡಿ ಕಣ್ಣೀರು ಹಾಕಿ ಬಂದವನು.

“ಏ ಗುರುಬಾಯಿ, ಬಾಯಿಗೆ ಬಂದಂಗ ಮಾತಾಡಬ್ಯಾಡ. ಎಡಗೈದಾಗೇ ಇತ್ತು. ನಾ ಕಣ್ಣಾರೆ ನೋಡೇನಿ.”

“ನಾ ಏನ್ ಕಣ್ಣು ಅಡವಿಟ್ಟು ಹೋಗಿದ್ದೆನ್ರಿ? ಬಲಗೈ!”

“ಎಡಗೈ!”

ಕೆಲಸ ನಿಂತಿತು. ಹೆಂಗಸರೆಲ್ಲ ಬಲಗೈ ಎಂದರು, ಹಮಾಲರೆಲ್ಲ ಎಡಗೈ ಎಂದರು. ಗುರುಬಾಯಿಯ ಪಕ್ಕದಲ್ಲೇ ಕೂರುವ ಜೀವದ ಗೆಳತಿ ಹಜರಾಬಿ ಒಬ್ಬಳೇ ಬಾಯಿ ಬಿಡಲಿಲ್ಲ. “ಬಿಡ ಬೇ, ಹೋಗ್ಲಿ ಬಿಡು” ಎಂದು ಮೊಳಕೈಯಿಂದ ತಿವಿದಳು. ಬಿಡುವ ಜೀವವೇ ಅದು? ಸಂಜೆ ಗಿರಣಿ ಬಿಟ್ಟದ್ದೇ ತಡ, ಗುರುಬಾಯಿ ಸೆರಗು ಸಿಕ್ಕಿಸಿಕೊಂಡು ನೇರ ಡೇರೆಗೆ ನಡೆದಳು. ಹಿಂದೆ ಹಜರಾಬಿ. ಅವರ ಹಿಂದೆ, ತಮಾಷೆ ನೋಡಲು, ಚಂದ್ರಾಮಪ್ಪ.

ಮೊದಲ ಆಟ ಶುರುವಾಗಿ ಅರ್ಧ ತಾಸಾಗಿತ್ತು. ಜಹೀರುದ್ದೀನ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಗುರುಬಾಯಿಯ ದೂರು ಪೂರ್ತಿ ಕೇಳಿದ.

“ಗುಲಬರ್ಗಾದಿಂದ ರೀಲಿನ ಡಬ್ಬಿ ಹ್ಯಾಂಗ ಬರ್ತದ ಹಂಗ ತೋರಸ್ತೇನಿ ಬಾಯಿ. ಆ ಕೈದಾಗಿನ ಲಿಂಗ ಈ ಕೈಗೆ ನಾ ಹ್ಯಾಂಗ ಇಡಲಿ?” ಎಂದವನು ಏನೋ ಹೊಳೆದು ಕಪ್ಪು ಕೆಳಗಿಟ್ಟ. “ಅಂದಂಗ ನೀವು ಜನಾನಾ ಕಡೆ ಕುಂತಿದ್ರಿ, ಅಲ್ಲ?”

“ಮತ್ತೆಲ್ಲಿ ಕುಂಡ್ರಲಿ?”

ಜಹೀರುದ್ದೀನ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ತನ್ನ ಅಪ್ಪನ ಕಾಲದಿಂದ ಯಾರೂ ಮಾಡದ ಕೆಲಸ ಮಾಡಿದ. ಗಂಡಸರ ಕಡೆಯ ಬಾಗಿಲಿನ ಪರದೆ ಸರಿಸಿ, “ಬರ್ರಿ, ಮಶೀನಿನ ಬಾಜೂಕ ನಿಂತು ನೋಡ್ರಿ” ಎಂದು ಆಕೆಯನ್ನು ಒಳಗೆ ಬಿಟ್ಟ.

ಗುರುಬಾಯಿ ನಿಂತು ನೋಡಿದಳು. ರಾಜ ಊಟಕ್ಕೆ ಕುಳಿತಿದ್ದ. ಬಲಗೈಯಿಂದ ಉಣ್ಣುತ್ತಿದ್ದ. ಮಂತ್ರಿ ಬಲಗೈಯಿಂದ ಓಲೆ ಬರೆದ. ಸೈನಿಕರೆಲ್ಲ ಬಲಗೈಯಲ್ಲಿ ಕತ್ತಿ ಹಿಡಿದು ಬಂದರು. ರಾಣಿಯ ಸೆರಗು ಎಡ ಹೆಗಲಿಗೆ ಹೋಗಿತ್ತು. ಹಿಂದಿನ ದಿನ ತಾನು ನೋಡಿದ ಪಿಚ್ಚರೇ, ಅದೇ ಹಾಡು, ಅದೇ ಮಂದಿ, ಆದರೆ ಎಲ್ಲ ತಿರುವುಮುರುವು. ಆಮೇಲೆ ಶರಣೆ ಪೂಜೆಗೆ ಕುಳಿತಳು. ಆಕೆಯ ಎಡ ಅಂಗೈ ಬಟ್ಟೆಯ ತುಂಬ ಬಂತು, ನಡುವೆ ಲಿಂಗ. ಗಂಡಸರು ಕೈ ಮುಗಿದರು.

“ನೋಡಿದಿ? ಎಡಗೈ!” ಎಂದ ಚಂದ್ರಾಮಪ್ಪ ಹಿಂದಿನಿಂದ. “ಇಷ್ಟು ವರ್ಷ ಉಲ್ಟಾ ಪಿಚ್ಚರ್ ನೋಡಿ ಊರಿಗೆಲ್ಲ ತೀರ್ಪು ಕೊಡಾಕತ್ತಿದ್ದೆಲ್ಲಾ ತಾಯಿ!”

ಗುರುಬಾಯಿಗೆ ಆತನ ನಗು ಕೇಳಿಸಲೇ ಇಲ್ಲ. ಜಡ್ಜೂ ಬಲಗೈ. ಡಾಕ್ಟರೂ ಬಲಗೈ. ಕೆಂಪು ಮೋಟಾರಿನ ಹೀರೋನೂ ಬಲಗೈ. ಇಡೀ ಜಗತ್ತಿನಲ್ಲಿ ತನ್ನ ಮಗಳೊಬ್ಬಳೇ ಉಳಿದಳು. ಆಟ ಮುಗಿಯುವ ಮೊದಲೇ ಹೊರಗೆ ನಡೆದಳು.

ದಾರಿಯಲ್ಲಿ ಹಜರಾಬಿ ಕೈ ಹಿಡಿದುಕೊಂಡಳು.

“ನಂಗ ಗೊತ್ತಿತ್ತ ಬೇ,” ಎಂದಳು ಮೆಲ್ಲಗೆ.

ಗುರುಬಾಯಿ ನಿಂತಳು. “ಏನ್ ಗೊತ್ತಿತ್ತು?”

“ನಾ ಉರ್ದು ಓದೇನಿ ಅಲ್ಲ? ಹಿಂದಿ ಪಿಚ್ಚರದಾಗ ಉರ್ದುದಾಗೂ ಹೆಸರು ಬರ್ತದ. ಅದು ತಿರುವಿ ಕಾಣ್ತಿತ್ತು. ಭಾಳ ಹಿಂದೇ ತಿಳದದ ನಂಗ.”

“ಮತ್ತ ಬಾಯಿ ಬಿಡಬಾರದಾಗಿತ್ತೇನ?”

“ಹ್ಯಾಂಗ ಬಿಡಲಿ? ಅವತ್ತು ಡೇರೆದಾಗ ನಾ ನಿಮ್ಮ ಬಾಜೂಕೇ ಇದ್ದೆ, ನಿನ್ನ ಛೋಕ್ರಿ ‘ನನ್ನಂಗೇ ಉಣ್ಣಾಕತ್ತಾನ’ ಅಂತ ಚಪ್ಪಾಳಿ ಹೊಡೀತು. ಆಕಿ ಅಷ್ಟು ನಕ್ಕಿದ್ದು ನಾ ಅದಕ್ಕೂ ಮೊದಲು ನೋಡಿದ್ದಿಲ್ಲ. ಖುದಾ ಮಾಫ್ ಮಾಡ್ತಾನ ಬಿಡು ಅಂತ ಸುಮ್ನ ಕುಂತೆ.”

ಬೈಯಬೇಕೆಂದಿದ್ದಳು. ಗೆಳತಿಯ ಹೆಗಲಿಗೆ ತಲೆಯಿಟ್ಟು ಗುರುಬಾಯಿ ರಸ್ತೆಯಲ್ಲೇ ಅತ್ತಳು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಆಕೆಗಿಂತ ಮೊದಲೇ ಮನೆ ಮುಟ್ಟಿತ್ತು. ಚಂದ್ರಾಮಪ್ಪನ ಬಾಯಿ ಎಂದರೆ ಡಂಗುರದವನು ಬೇರೆ ಬೇಕಿಲ್ಲ. ಸುಭದ್ರಾಬಾಯಿ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಮುಂದೆ ಸುಮಿತ್ರಾ. ಹಳೆಯ ಸೀರೆಯ ಅಂಚಿನಿಂದ ಹುಡುಗಿಯ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿಯಾಗಿತ್ತು.

“ನಿನ್ನ ಪಿಚ್ಚರ್ ಮಾತು ಕೇಳಿ ಮಾಸ್ತರಗ ಎದುರಾಡಿ ಬಂದೆ,” ಎಂದಳು ಮುದುಕಿ. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಈಗ ಊರ ಮುಂದ ನನ್ನ ಮಾರಿ ಎಲ್ಲಿಡಲಿ? ಎರಡು ವರ್ಷ ಹಾಳಾತು. ಈ ಹೊಲಸ ಕೈ ಇನ್ನ ಬಿಚ್ಚಾಂಗಿಲ್ಲ. ಬಲಗೈಲೆ ಬರಿಯೂತನ ಸಾಲಿಗೂ ಹೋಗೂದು ಬ್ಯಾಡ.”

ಸುಮಿತ್ರಾ ಅಳುತ್ತಿರಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದಳು.

“ಅವ್ವಾ, ಹೀರೋ ನನ್ನಂಗ ಅಲ್ಲೇನು?”

ಪಿಚ್ಚರೊಂದಕ್ಕೆ ಹದಿನೈದು ದಿನ ಮಾತಾಡುವವಳಿಗೆ ಮಗಳ ಒಂದು ಪ್ರಶ್ನೆಗೆ ಒಂದು ಮಾತು ಸಿಗಲಿಲ್ಲ. ಹುಡುಗಿ ಬಲಗೈಯಿಂದ ಉಣ್ಣಲು ಹೋಗಿ ಅರ್ಧ ಅನ್ನ ಮಡಿಲಿಗೆ ಚೆಲ್ಲಿಕೊಂಡಳು, ಆಮೇಲೆ ಹಸಿವಿಲ್ಲ ಎಂದಳು.

ಬೆಳಿಗ್ಗೆ ಗುರುಬಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಸುಭದ್ರಾಬಾಯಿ ಮಿಂದು ಬಂದು, ವಿಭೂತಿ ಹಚ್ಚಿಕೊಂಡು, ದಿನದಂತೆ ಪಡಸಾಲೆಯ ಮೂಲೆಯಲ್ಲಿ ಪೂಜೆಗೆ ಕುಳಿತಳು. ಎದುರಿಗೆ ಸುಮಿತ್ರಾ. ಪೂಜೆ ಮುಗಿದ ಮೇಲೆ ಆಯಿ ಕೊಡುವ ಸಕ್ಕರೆಗಾಗಿ ಹುಡುಗಿ ದಿನವೂ ಹಾಗೆ ಕೂರುವುದು ರೂಢಿ. ಇವತ್ತು ಕೈ ಕಟ್ಟಿಸಿಕೊಂಡೇ ಕುಳಿತಿದ್ದಳು. ಮುದುಕಿ ಕೊರಳ ವಸ್ತ್ರ ಬಿಚ್ಚಿ ಲಿಂಗವನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಬಾಗಿಲಿನಿಂದ ಬಿಸಿಲು ಅಂಗೈಯ ಮೇಲೆ ಬಿತ್ತು.

ಗುರುಬಾಯಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ನಿನ್ನೆ ಡೇರೆಯಲ್ಲಿ ಬಟ್ಟೆಯ ತುಂಬ ಕಂಡದ್ದು ಇದೇ. ತಾನು ಊರೆಲ್ಲ ಜಗಳ ಮಾಡಿದ್ದು ಇದಕ್ಕೇ. ಲಿಂಗ ಎಡಗೈಯಲ್ಲೇ ಇರಬೇಕು, ಕೂಸಿಗೂ ಗೊತ್ತು ಎಂದು ಒದರಿದವಳು ತಾನೇ ಅಲ್ಲವೇ? ಒದರಿದ್ದು ಏನೆಂದು ಆಕೆಗೆ ಈಗ ತಿಳಿಯಿತು.

“ಅತ್ತಿ,” ಎಂದಳು.

ಪೂಜೆಯ ನಡುವೆ ಸುಭದ್ರಾಬಾಯಿ ಮಾತಾಡುವವಳಲ್ಲ. ಹುಬ್ಬು ಗಂಟಿಕ್ಕಿದಳು.

“ಆಕಿ ಕೈ ಬಿಚ್ಚರಿ ಅಂತ ನಾ ಹೇಳಾಂಗಿಲ್ಲ. ಪಿಚ್ಚರ್ ಮಾತೂ ತೆಗ್ಯಾಂಗಿಲ್ಲ, ಅದು ಮುಗೀತು. ಒಂದೇ ಮಾತು ಕೇಳ್ತೇನಿ. ಎಡಗೈ ಹೊಲಸ ಅಂತೀರಿ. ಮತ್ತ ದೇವರನ್ನ ಆ ಕೈದಾಗ ಯಾಕ ಕುಂಡ್ರಿಸೀರಿ?”

ಸುಭದ್ರಾಬಾಯಿ ತನ್ನ ಅಂಗೈ ನೋಡಿಕೊಂಡಳು. ಅರವತ್ತು ವರ್ಷ ದಿನವೂ ನೋಡಿದ ಅಂಗೈ ಅದು. ಲಿಂಗವನ್ನು ನೋಡುತ್ತಿದ್ದಳು, ಅದರ ಕೆಳಗಿನ ಕೈಯನ್ನು ಎಂದೂ ನೋಡಿರಲಿಲ್ಲ. ಎಷ್ಟೋ ಹೊತ್ತು ನೋಡಿದಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಬಂತು. ಅತ್ತೆಯೂ ಬೈಯಲಿಲ್ಲ, ಸೊಸೆಯೂ ತಿರುವಿ ಹಾಕಲಿಲ್ಲ.

ಪೂಜೆ ಮುಗಿಯಿತು. ಲಿಂಗ ಮತ್ತೆ ವಸ್ತ್ರ ಸೇರಿತು, ಕೊರಳು ಸೇರಿತು. ಸುಭದ್ರಾಬಾಯಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಸೀರೆಯಂಚಿನ ಗಂಟಿಗೆ ಕೈ ಹಾಕಿದಳು. ಅದು ಬಿಚ್ಚಲೊಲ್ಲದು. ಬಗ್ಗಿ, ಇದ್ದ ನಾಲ್ಕು ಹಲ್ಲಿನಿಂದ ಜಗ್ಗಿದಳು.

“ಯಾರ ಹಾಕ್ಯಾರ ಇಷ್ಟು ಬಿಗಿ ಗಂಟು?”

“ನೀವೇ, ಅತ್ತಿ.”

“ಗೊತ್ತದ, ಸುಮ್ನ ಕುಂಡ್ರು!”

ಗಂಟು ಬಿಚ್ಚಿತು. ಹುಡುಗಿಯ ಮಣಿಕಟ್ಟಿನಲ್ಲಿ ಕೆಂಪು ಬರೆ ಎದ್ದಿತ್ತು. ಮುದುಕಿ ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಇನ್ನಷ್ಟು ತಿಕ್ಕಿದಳು, ಕಣ್ಣು ಒರೆಸಿಕೊಂಡಳು. ಸಕ್ಕರೆ ತೆಗೆದು ಬಲಗೈಗೆ ಕೊಡಲು ಹೋದವಳು ತಡೆದು ಎಡಗೈಯಲ್ಲಿ ಇಟ್ಟಳು.

“ಪಿಚ್ಚರದಾಗಿನ ಮಂದಿ ಹ್ಯಾಂಗರೆ ಉಣ್ಣಲಿ, ನಮಗೇನಾಗಬೇಕದ?” ಎಂದಳು. “ದೇವರ ಕುಂಡ್ರೂ ಕೈಗೆ ಹೊಲಸ ಅಂದೆ ನಾ. ನನ್ನ ಬಾಯಿ ಹೊಲಸ. ಹಾಂ, ಕೇಳಿಲ್ಲೆ, ಮಂದಿ ಮನ್ಯಾಗ ಉಣ್ಣೂದು ಮಾತ್ರ ಬಲಗೈಲೆ ಕಲೀಬೇಕು, ಅದು ಬಿಡಂಗಿಲ್ಲ. ಬರಿಯೂದು ನಿನ್ನ ಕೈಲೇ ಬರಿ.”

ಅಷ್ಟಕ್ಕೇ ಬಿಡಲಿಲ್ಲ ಆಕೆ. ಕೋಲೂರಿಕೊಂಡು ಮೊಮ್ಮಗಳ ಕೈ ಹಿಡಿದು ಸಾಲೆಗೆ ನಡೆದಳು. ಅಫಜಲಪುರದ ಚಹಾದಂಗಡಿಗಳಲ್ಲಿ ಉಲ್ಟಾ ಪಿಚ್ಚರಿನ ಮಾತು ಬಿಸಿಬಿಸಿಯಾಗಿ ನಡೆದಿತ್ತು. ನಗುವವರು ನಕ್ಕರು. ಸುಭದ್ರಾಬಾಯಿ ತಲೆಯೆತ್ತಿಕೊಂಡೇ ಹೋದಳು. ದೌಲತರಾಯ ಮಾಸ್ತರ ಈ ಸಲ ತಯಾರಾಗಿಯೇ ಇದ್ದ.

“ಬರ್ರಿ ಆಯಿ. ಜಡ್ಜ್ ಸಾಹೇಬರು ಯಾವ ಕೈಲೆ ಬರೀತಾರಂತ ಈಗರೆ ಗೊತ್ತಾತಿಲ್ಲ?”

“ಜಡ್ಜಿನ ಸುದ್ದಿ ಬಿಡು. ಹಣಿಗೆ ವಿಭೂತಿ ಹಚ್ಚೀದಿ. ಮುಂಜಾನೆ ಲಿಂಗ ಯಾವ ಕೈದಾಗ ಇಟ್ಕೊಂಡಿದ್ದಿ?”

ಮಾಸ್ತರನ ಎಡ ಅಂಗೈ ತನ್ನಷ್ಟಕ್ಕೆ ತಾನೇ ತೆರೆಯಿತು. ಮಕ್ಕಳೆಲ್ಲ ಅದನ್ನೇ ನೋಡಿದರು.

“ಅದು ಪೂಜಿ ಆಯಿ. ಇದು ಪಾಠ.”

“ದೇವರಗಿಂತ ನಿನ್ನ ಬಳಪ ಮಡಿಯಾತೇನೋ ತಮ್ಮಾ?”

ಒಳ್ಳೆಯವನೇ ಮಾಸ್ತರ, ಹಟಮಾರಿ ಅಷ್ಟೇ. ಕೊನೆಗೆ ನಕ್ಕು, ಮೇಜಿನ ಮೇಲಿನ ಬಳಪ ತೆಗೆದು ಸುಮಿತ್ರಾಳ ಮುಂದೆ ಹಿಡಿದ. ಆಕೆ ಎಡಗೈಯಿಂದ ಇಸಿದುಕೊಂಡು ಹಲಗೆಯ ಮೇಲೆ ತನ್ನ ಹೆಸರು ಬರೆದಳು. ಅದರ ಕೆಳಗೆ, ಯಾರೂ ಹೇಳದೆ, ಆಯಿಯ ಹೆಸರನ್ನೂ ಬರೆದಳು. ಸುಭದ್ರಾಬಾಯಿಗೆ ಓದಲು ಬರುತ್ತಿರಲಿಲ್ಲ. ಅದು ನಿಮ್ಮ ಹೆಸರು ಎಂದು ಮಾಸ್ತರನೇ ಹೇಳಬೇಕಾಯಿತು.

ಮಳೆಗಾಲಕ್ಕೆ ಡೇರೆ ಕೀಳುವ ಮೊದಲು ಜಹೀರುದ್ದೀನ ಗಂಡಸರ ಕಡೆ ಒಂದು ಹಗ್ಗ ಕಟ್ಟಿ, ಬೇಕಾದ ಹೆಂಗಸರು ಇನ್ನು ಮುಂಭಾಗದಲ್ಲೇ ಕೂರಬಹುದು ಎಂದು ಸಾರಿದ. ಕೆಲವರು ಹೋದರು. ಗುರುಬಾಯಿಯೂ ಒಂದು ದಿನ ಹೋಗಿ ನೋಡಿ ಬಂದು, “ಬರೋಬ್ಬರಿ ಕಾಣ್ತದ, ಖರೆ. ಆದ್ರ ಬೀಡಿ ಹೊಗಿಗೇ ಎರಡು ಹರಳು” ಎಂದು ತೀರ್ಪು ಕೊಟ್ಟು ಮತ್ತೆ ತನ್ನ ಹಳೆಯ ಜಾಗಕ್ಕೆ ಬಂದಳು. ಕೊನೆಯ ವಾರ ಅತ್ತೆಯನ್ನೂ ಎಬ್ಬಿಸಿಕೊಂಡು ಬಂದಳು. ಎಪ್ಪತ್ತರ ಸುಭದ್ರಾಬಾಯಿಗೆ ಅದೇ ಮೊದಲ ಪಿಚ್ಚರ್. ಚೀಲ ಹಾಸಿಕೊಂಡು ಕುಳಿತಳು, ಒಂದು ಬದಿಗೆ ಹಜರಾಬಿ, ಒಂದು ಬದಿಗೆ ಮೊಮ್ಮಗಳು, ಮೊಮ್ಮಗಳ ಆಚೆ ಗುರುಬಾಯಿ.

ಪಿಚ್ಚರಿನಲ್ಲಿ ಹೀರೋ ಊಟಕ್ಕೆ ಕುಳಿತ. ಸುಮಿತ್ರಾ ಆಯಿಯ ತೊಡೆ ಚಿವುಟಿದಳು.

“ಆಯಿ, ನೋಡು, ನನ್ನಂಗ!”

“ಉಲ್ಟಾ ಕಾಣ್ತದಂತ ಗೊತ್ತದ ನಂಗ,” ಎಂದಳು ಮುದುಕಿ. ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ. ಮೊಮ್ಮಗಳ ಎಡಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. “ಆದ್ರೂ ಮಗ ಚಂದ ಉಣ್ತಾನ ನೋಡು.”

ಮರುದಿನ ಗಿರಣಿಯಲ್ಲಿ ಹೆಂಗಸರು ಮೊರ ಹಿಡಿದು ಕಾಯುತ್ತಿದ್ದರು. ಚಂದ್ರಾಮಪ್ಪನೂ ಕಿವಿ ನಿಮಿರಿಸಿದ್ದ.

“ಹ್ಯಾಂಗಿತ್ತ ಬೇ ನಿನ್ನೆದು? ಎಷ್ಟು ಹರಳು?”

ಗುರುಬಾಯಿ ಕಥೆ ನೆನೆಸಿಕೊಳ್ಳಲು ನೋಡಿದಳು. ಹೀರೋ ಯಾರನ್ನು ಮದುವೆಯಾದ, ಯಾರು ಸತ್ತರು, ಒಂದೂ ನೆನಪಾಗಲಿಲ್ಲ. ಇಡೀ ಆಟ ಆಕೆ ಪರದೆಯನ್ನು ನೋಡಿರಲೇ ಇಲ್ಲ, ಪಕ್ಕದ ಮಡಿಲಲ್ಲಿದ್ದ ಆ ಎರಡು ಕೈಗಳನ್ನು ನೋಡುತ್ತ ಕುಳಿತಿದ್ದಳು.

“ಒಂದೂ ಸಿಗಲಿಲ್ಲ ಬೇ,” ಎಂದು ಮೊರ ಎತ್ತಿಕೊಂಡಳು.